ಕೆಂಪು ಹೆಲ್ಮೆಟ್

ಮೊನ್ನೆ ಅಟ್ಟ ಗುಡಿಸುವಾಗ ಕೆಂಪು ಹೆಲ್ಮೆಟ್ ಕೈಗೆ ಸಿಕ್ಕಿತು. ಮೂಗಿಗೆ ಹಿಡಿದು ನೋಡಿದೆ. ನೀವು ದಯವಿಟ್ಟು ಹಾಗೆ ಮಾಡಬೇಡಿ. ಕೊಬ್ಬರಿ ಎಣ್ಣೆ, ಬೆವರು, ಬೀಡಿ, ಯಾರದೋ ಮದುವೆಯ ಸೆಂಟು: ಅರ್ಧ ಸೊರಬದ ತಲೆಗಳು ಇನ್ನೂ ಅದರೊಳಗೇ ಇದ್ದವು.

ಏಕೆಂದರೆ ಅದು ನನ್ನದಲ್ಲ, ಸಾರ್ವಜನಿಕರದ್ದು. ಸೊರಬದ ಸರ್ಕಲ್‌ನಲ್ಲಿ ಎಎಸ್‌ಐ ಹಾಲೇಶಪ್ಪ ನಿಂತು ಹೆಲ್ಮೆಟ್ ಇಲ್ಲದವರನ್ನು ಹಿಡಿಯುತ್ತಿದ್ದರು. ಸರ್ಕಲ್‌ಗೆ ಮೊದಲೇ ಸಿಗುವ ಶಿವಣ್ಣನ ಚಹಾ ಅಂಗಡಿಯ ಮೊಳೆಗೆ ಈ ಹೆಲ್ಮೆಟ್ ನೇತಾಡುತ್ತಿತ್ತು. ಹಾಕಿಕೊಂಡು ಸರ್ಕಲ್ ದಾಟುವುದು, ಆಚೆಯ ಪಂಕ್ಚರ್ ಅಂಗಡಿಯಲ್ಲಿ ಬಿಚ್ಚಿಡುವುದು. ಎದುರಿನಿಂದ ಬರುವವರು ಅದನ್ನೇ ಹಾಕಿಕೊಂಡು ವಾಪಸ್ ತರುವುದು. ರಸ್ತೆಯ ಒಂದು ಗುಂಡಿ ಮುಚ್ಚಲು ಒಂದಾಗದ ನಾವು ಈ ವ್ಯವಸ್ಥೆಯನ್ನು ಬಹಳ ಶಿಸ್ತಿನಿಂದ ನಡೆಸುತ್ತಿದ್ದೆವು. ಮಕ್ಕಳಿಗೆ ಪೌರನೀತಿ ಪಾಠ ಹೇಳುವ ನಾನು ಅದರ ಖಾಯಂ ಫಲಾನುಭವಿ.

ಹಾಲೇಶಪ್ಪನವರಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ದಿನ ನನ್ನ ಗಾಡಿ ನಿಲ್ಲಿಸಿದರು.

"ಈ ಕೆಂಪು ಹೆಲ್ಮೆಟ್ ಬೆಳಿಗ್ಗಿಂದ ನನ್ನ ಮುಂದೆ ಹದಿನೈದು ಸಲ ಹೋತು ನೋಡ್ರೀ ಮೇಷ್ಟ್ರೇ. ತಲೆ ಮಾತ್ರ ಬ್ಯಾರೆ ಬ್ಯಾರೆ."

ನಾನು ಜಾಣತನ ತೋರಿಸಿದೆ. "ನೀವು ಈಸೂರಿನವರಲ್ವೇನ್ರೀ? ಸರ್ಕಾರದ ಮಾತು ಕೇಳಲ್ಲ ಅಂತ ಎದ್ದ ಊರು!"

"ಅವರು ಬ್ರಿಟಿಷರ ಮೇಲೆ ಎದ್ದಿದ್ರು. ನೀವು ನಿಮ್ಮ ತಲೆ ಮೇಲೇ ಎದ್ದೀರಲ್ಲ!" ಎಂದು ಗದ್ದದ ಪಟ್ಟಿ ಎಳೆದು ನೋಡಿದರು. ಕೊಂಡಿಯೇ ಇರಲಿಲ್ಲ. "ಇದನ್ನ ನಿಮ್ಮ ಸಲುವಾಗಿ ಹಾಕಿಲ್ಲ ಬಿಡ್ರೀ, ನನ್ನ ಸಲುವಾಗಿ ಹಾಕೀರಿ."

ನಕ್ಕು ಬಿಟ್ಟುಬಿಟ್ಟರು. ನಾನು ಸ್ಟಾಫ್ ರೂಮಿನಲ್ಲಿ ಅವರನ್ನು ಅಣಕಿಸಿ ಎಲ್ಲರನ್ನೂ ನಗಿಸಿದೆ.

ಆಮೇಲೊಂದು ದಿನ ಶಿಕಾರಿಪುರದಲ್ಲಿ ನೆಂಟರ ಮದುವೆ. ಮೊದಲ ಪಂಕ್ತಿ ತಪ್ಪೀತೆಂಬ ಆತುರದಲ್ಲಿ ಪಂಕ್ಚರ್ ಅಂಗಡಿಯ ಹತ್ತಿರ ನಿಲ್ಲಿಸದೆ ಹೆಲ್ಮೆಟ್ ಸಮೇತ ಹೋಗಿಬಿಟ್ಟೆ. ಇತ್ತ ಶಿವಣ್ಣನ ಮೊಳೆ ಖಾಲಿ. ಹೊಸಬಾಳೆಯ ರೈತನೊಬ್ಬ ಬರಿತಲೆಯಲ್ಲೇ ಹೊರಟವನು, ಸರ್ಕಲ್ ಹತ್ತಿರ ಖಾಕಿ ಕಂಡು ಗಕ್ಕನೆ ಬೈಕ್ ತಿರುಗಿಸಿ ಬಿದ್ದ. ಹಿಂದೆಯೇ ಲಾರಿ. ಹಾಲೇಶಪ್ಪ ಓಡಿಹೋಗಿ ಅವನನ್ನು ಪಕ್ಕಕ್ಕೆ ಎಳೆದು ಹಾಕಿದರು. ಅವನು ಉಳಿದ. ಇವರು ಉಳಿಯಲಿಲ್ಲ. ಆ ಹೊತ್ತಿಗೆ ನಾನು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ.

ಹೆಲ್ಮೆಟ್ ಯಾರು ಹೊತ್ತೊಯ್ದರೋ ಎಂದು ಶಿವಣ್ಣ ಊರನ್ನೆಲ್ಲ ಬೈದ. ಅವನ ಜೊತೆ ನಾನೂ ಬೈದೆ.

ಸತ್ತವರಿಗೆ ಗೌರವ ಸಲ್ಲಿಸುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಫ್ಲೆಕ್ಸ್ ಬಂತು, ಅದರಲ್ಲಿ ಸತ್ತವರಿಗಿಂತ ಶೋಕಿಸುವವರ ಮುಖಗಳೇ ದೊಡ್ಡವು. ಸೊರಬದಿಂದ ಈಸೂರಿನ ಅವರ ಮನೆಯವರೆಗೆ ಬೈಕ್ ರ‍್ಯಾಲಿ. ಒಬ್ಬರ ತಲೆಯ ಮೇಲೂ ಹೆಲ್ಮೆಟ್ ಇಲ್ಲ. ವಿಡಿಯೋದಲ್ಲಿ ಮುಖ ಕಾಣಬೇಕಲ್ಲ! ನಾನೂ ಬರಿತಲೆ. ಕೆಂಪು ಹೆಲ್ಮೆಟ್ ಆಗಲೇ ಅಟ್ಟ ಸೇರಿತ್ತು. ಅವರ ಹೆಂಡತಿ ಬಾಗಿಲಲ್ಲಿ ನಿಂತು ನಮ್ಮ ತಲೆಗಳನ್ನು ಒಂದೊಂದಾಗಿ ನೋಡಿದರು.

"ಹಿಡಿಯೋರು ಇಲ್ಲಲ್ರೀ ಈಗ. ಆರಾಮಾಗಿ ಬಂದೀರಿ," ಅಂದರು.

ಹೇಳಬೇಕಾದದ್ದನ್ನು ನಾನು ಅವತ್ತು ಹೇಳಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಈ ಬೆಳಿಗ್ಗೆ ಪಟ್ಟಿಗೆ ಹೊಸ ಕೊಂಡಿ ಹಾಕಿಸಿ, ಹೆಲ್ಮೆಟ್ ತೊಟ್ಟು ಶಿವಣ್ಣನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಅದೇ ಮೊಳೆಗೆ ಈಗ ನೀಲಿ ಹೆಲ್ಮೆಟ್ಟೊಂದು ನೇತಾಡುತ್ತಿದೆ.

"ಅರೆ, ಕೆಂಪುದು ಎಲ್ಲಿ ಸಿಕ್ತ್ರೀ ಮೇಷ್ಟ್ರೇ? ಕೊಟ್ಟೋಗಿ, ಎರಡಿದ್ರೆ ಅನುಕೂಲ."

"ಸಿಕ್ಕಿದ್ದಲ್ಲ ಶಿವಣ್ಣ. ಅವತ್ತಿಂದ ನನ್ನ ಹತ್ರಾನೇ ಇತ್ತು."

ನನಗೆಂದು ಸೋಸಿದ್ದ ಚಹಾವನ್ನು ಅವನು ಪಕ್ಕದವನಿಗೆ ಕೊಟ್ಟ. ನಾನು ಗಾಡಿಯನ್ನು ಈಸೂರಿನ ಕಡೆ ತಿರುಗಿಸಿದೆ. ಹಾಲೇಶಪ್ಪನವರ ಹೆಂಡತಿಯ ಮುಂದೆ ಮಾತು ಎಲ್ಲಿಂದ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಹೊಳೆಯಲಿಲ್ಲ.