ಗೇಣುದ್ದದ ಮಿಲಿಟರಿ ಲಾರಿ

ಮಸ್ಕತ್ತಿನಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದ ಚಿಕ್ಕಪ್ಪ ರಜೆಗೆ ಬಂದವನು, ಮನೆಯವರಿಗೆಲ್ಲ ಸೀರೆ, ಸೆಂಟು ಹಂಚಿ ಮುಗಿಸಿದ ಮೇಲೆ ಅಪ್ಪನ ತೊಡೆಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟ. ಮುಚ್ಚಳದ ಮೇಲೆ ಕೆಸರು ಹಾರಿಸುತ್ತ ಬರುತ್ತಿದ್ದ ಹಸಿರು ಮಿಲಿಟರಿ ಲಾರಿಯ ಚಿತ್ರ. ಅಪ್ಪ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಬಾಗಿಲ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದ. "ಲೇ, ಇದು ನಮ್ಮ ಲಾರಿ ಕಣ್ಲಾ!" ಎಂದ.

ನಮ್ಮದೇ. ದೊಡ್ಡ ಯುದ್ಧ ಮುಗಿದ ಮೇಲೆ ಹರಾಜಾದ ಮಿಲಿಟರಿ ಲಾರಿಗಳಲ್ಲಿ ಒಂದು ಯಾರ್ಯಾರದೋ ಕೈ ದಾಟಿ ಅಪ್ಪನಿಗೆ ಸಿಕ್ಕಿತ್ತು. ಮನೆಬಾಗಿಲಿಗೆ ಬಳಿಯುವಂಥ ಅಚ್ಚ ನೀಲಿ ಬಣ್ಣ ಹೊಡೆದು, ತುರುವೇಕೆರೆ ಸುತ್ತಿನ ತೋಟಗಳಿಂದ ತಿಪಟೂರಿಗೆ ವರ್ಷಗಟ್ಟಲೆ ಕಾಯಿ, ಕೊಬ್ಬರಿ ಸಾಗಿಸಿದ. ನನಗೆ ಹತ್ತು ತುಂಬುವ ಹೊತ್ತಿಗೆ ಬಿಡಿಭಾಗ ಸಿಗದೆ ಅದು ಗುಜರಿ ಸೇರಿತು. ಅದನ್ನು ಎಳೆದುಕೊಂಡು ಹೋದ ದಿನ ಅಪ್ಪ ತೋಟದಿಂದ ಊಟಕ್ಕೇ ಬರಲಿಲ್ಲ.

ಪೆಟ್ಟಿಗೆಯೊಳಗೆ ಲಾರಿ ಇರಲಿಲ್ಲ. ಕಡ್ಡಿಗಳಿಗೆ ಅಂಟಿಕೊಂಡ ಬೂದು ಬಣ್ಣದ ನೂರಾರು ಪ್ಲಾಸ್ಟಿಕ್ ಚೂರುಗಳಿದ್ದವು. ಬಿಡಿಸಿ, ಅಂಟಿಸಿ, ಬಣ್ಣ ಬಳಿದರೆ ಗೇಣುದ್ದದ ಲಾರಿ. ನಾನು ಆಗ ಇಪ್ಪತ್ತಮೂರರವಳು, ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. ಸೂಜಿ ಹಿಡಿದ ಕೈ ಎಂದು ಕೆಲಸ ನನ್ನ ಪಾಲಿಗೆ ಬಂತು. ಅಪ್ಪನ ಕಣ್ಣಿನ ನರ ಸೋಲುತ್ತಿದೆ, ಹೋದ ದೃಷ್ಟಿ ಮತ್ತೆ ಬಾರದು, ಇರುವುದು ಎಷ್ಟು ದಿನವೋ ಹೇಳಲಾರೆ ಎಂದು ತುಮಕೂರಿನ ಡಾಕ್ಟರು ಅದೇ ತಿಂಗಳು ಹೇಳಿದ್ದರು.

"ಬ್ಯಾಗ ಮಾಡವ್ವ," ಎಂದ ಅಪ್ಪ. "ಕಣ್ಣು ಪೂರ್ತಿ ಹೋಗೋದ್ರೊಳಗೆ ಒಂದ್ಸಲ ನೋಡ್ಬುಡ್ತೀನಿ."

ಬೇಗ ಮಾಡುವುದು ನನ್ನ ಜಾಯಮಾನದಲ್ಲಿಲ್ಲ. ರವಿಕೆಯ ತೋಳು ಕೂದಲೆಳೆಯಷ್ಟು ಆಚೀಚೆಯಾದರೂ ಬಿಚ್ಚಿ ಮತ್ತೆ ಹೊಲಿಯುವವಳು ನಾನು. ಹಬ್ಬ ಕಳೆದ ಮೇಲೆ ಹಬ್ಬದ ರವಿಕೆ ಕೊಟ್ಟು ಬೈಸಿಕೊಂಡದ್ದೂ ಉಂಟು. "ಹುಟ್ಟುಗುಣ ಸುಟ್ರೂ ಹೋಗಲ್ಲ ಕಣೇ," ಎಂದು ಅಮ್ಮ ಗೊಣಗುತ್ತಿದ್ದಳು.

ಪೆಟ್ಟಿಗೆಯಲ್ಲಿದ್ದ ಅಂಟಿನ ಟ್ಯೂಬು ದಾರಿಯಲ್ಲೇ ಒಣಗಿ ಕಲ್ಲಾಗಿತ್ತು. ಅಪ್ಪನ ಮಾತು ಕೇಳಿ ಪಂಕ್ಚರ್ ಸೊಲ್ಯೂಷನ್ ಹಾಕಿದೆ. ಚಕ್ರಗಳು ರಬ್ಬರಿನಂತೆ ಜೋಲಾಡಿದವು. ಕೊನೆಗೆ ತಿಪಟೂರಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವವರೊಬ್ಬರು ಒಂದು ಸೀಸೆ ಥಿನ್ನರ್ ಕೊಟ್ಟರು. ಅದು ಪ್ಲಾಸ್ಟಿಕ್ಕನ್ನೇ ಕೊಂಚ ಕರಗಿಸಿ ಒಂದಕ್ಕೊಂದು ಕೂಡಿಸುತ್ತಿತ್ತು. ಪೊರಕೆಯಿಂದ ತೆಂಗಿನ ಕಡ್ಡಿ ಮುರಿದು, ಅದರ ತುದಿಯನ್ನು ಥಿನ್ನರಿಗೆ ಅದ್ದಿ ಒಂದೊಂದೇ ಹನಿ ಮುಟ್ಟಿಸಬೇಕು. ಹನಿ ಹೆಚ್ಚಾದರೆ ಮಡ್‌ಗಾರ್ಡು ಬೆಲ್ಲದಂತೆ ಕರಗಿ ಕೂರುವುದು.

ಮಧ್ಯಾಹ್ನ, ಅಮ್ಮ ಮಲಗಿದ ಮೇಲೆ, ಗಾಜಿನ ಹೆಂಚಿನಿಂದ ನಡುಮನೆಗೆ ಬೀಳುವ ಬಿಸಿಲಿನ ಚೌಕದಲ್ಲಿ ಕೂರುತ್ತಿದ್ದೆ. ಬಿಸಿಲು ಸರಿದ ಹಾಗೆ ನಾನೂ ಚಾಪೆ ಸರಿಸಿಕೊಳ್ಳುತ್ತಿದ್ದೆ. ಗೋಡೆಗೊರಗಿದ ಅಪ್ಪ ತಾನು ಓಡಿಸಿದ ದಾರಿಗಳ ಬಗ್ಗೆ ಹೇಳುತ್ತಿದ್ದ. ಥಿನ್ನರಿನ ಘಾಟು ಮೆಲ್ಲಗೆ ತಲೆಗೇರುತ್ತಿತ್ತು. ಅಪ್ಪನ ಮಾತು ಎಲ್ಲಿ ನಿಂತಿತು, ನನ್ನ ಕನಸು ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ.

ಕೈಯಲ್ಲಿ ಕಡಲೆಯಷ್ಟು ಸ್ಟೇರಿಂಗ್ ಇರುವಾಗಲೇ ನಾನು ಆರು ವರ್ಷದವಳಾಗಿ ಕಾಯಿ ರಾಶಿಯ ಟಾರ್ಪಾಲಿನ ಮೇಲೆ ಅಂಗಾತ ಮಲಗಿರುತ್ತಿದ್ದೆ. ಲಾರಿ ನಿಂತಲ್ಲೇ ನಿಂತಿದೆ, ತೋಟಗಳೇ ಹಿಂದಕ್ಕೆ ನಡೆದು ಹೋಗುತ್ತಿವೆ. ಗರಿಗಳ ಸಂದಿನಲ್ಲಿ ಆಕಾಶ ಚೂರುಚೂರಾಗಿ ಬಂದು, ಸಂಪಿಗೆ ಊರು ದಾಟಿದ ಮೇಲೆ ಒಮ್ಮೆಲೇ ಇಡಿಯಾಗುತ್ತದೆ. ಚಿಕ್ಕನಾಯಕನಹಳ್ಳಿಯ ಬೋಳು ಗುಡ್ಡದ ಕೆಳಗೆ ಕುರಿಮಂದೆ ಅಡ್ಡ ಬರುತ್ತದೆ. ಅಪ್ಪ ಹಾರನ್ ಮಾಡುವುದಿಲ್ಲ, ಇಂಜಿನ್ ಆರಿಸಿ ಕಾಯುತ್ತಾನೆ. ಕುರಿಗಳು ಲಾರಿಯ ಎರಡೂ ಬದಿಗೆ ಉಜ್ಜಿಕೊಂಡು ಹರಿಯುತ್ತವೆ, ಅವುಗಳ ಮೈಯ ಬಿಸಿ ಟಾರ್ಪಾಲಿನವರೆಗೂ ಏರುತ್ತದೆ. "ಎದ್ದಿದ್ದೀಯೇನವ್ವ?" ಎಂದು ಅಪ್ಪ ಕೇಳುವುದು ಲಾರಿಯ ಮುಂದಿನಿಂದಲೋ ಗೋಡೆಯ ಬದಿಯಿಂದಲೋ ತಿಳಿಯದೆ ಎರಡೂ ಕಡೆಗೆ ಹೂಂಗುಟ್ಟುತ್ತಿದ್ದೆ. ಅಷ್ಟು ಸುಖವಾದ ಮಧ್ಯಾಹ್ನಗಳು ನನಗೆ ಮತ್ತೆ ಸಿಕ್ಕಿಲ್ಲ. ಅವು ಮುಗಿಯುವುದು ನನಗೆ ಬೇಕಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಬಣ್ಣದ ಮಾತು ಬಂದಾಗ ಮಾತ್ರ ಜಗಳವಾಯಿತು. "ನಮ್ದು ನೀಲಿ ಇತ್ತು ಕಣವ್ವ," ಎಂದ ಅಪ್ಪ. ಪೆಟ್ಟಿಗೆಯ ಮೇಲಿದ್ದದ್ದು ಹಸಿರು. "ಇದು ಯುದ್ಧದ ಲಾರಿ ಕಣಪ್ಪ, ನಿನ್ನ ಕಾಯಿ ಲಾರಿ ಅಲ್ಲ. ಹೆಂಗೈತೋ ಹಂಗೇ ಮಾಡ್ಬೇಕು," ಎಂದೆ. ಅಪ್ಪ, "ಹೂಂ ಬುಡು, ಮಾಡೋಳು ನೀನು," ಎಂದ. ಮುಖ ಸಣ್ಣದಾದದ್ದು ಕಂಡಿತು. ಹಟ ಬಿಡಲಿಲ್ಲ.

ಮುಂಗಾರಿನಲ್ಲಿ ಹಿಡಿದ ಕೆಲಸ ದೀಪಾವಳಿ ದಾಟಿತು. ಎಡಗಡೆ ಬಾಗಿಲು ಸೊಟ್ಟಗಿದೆ ಎಂದು ಮೂರು ಸಲ ಕಿತ್ತು ಅಂಟಿಸಿದ್ದೆ. ಅಪ್ಪ ಒಂದು ದಿನ, "ಆಯ್ತೇನವ್ವ?" ಎಂದ. ನಾನು ರೇಗಿದೆ.

"ಕೊಬ್ಬರಿ ಆಗ್ಲಿ ಅಂತ ಅಟ್ಟದ ಮೇಲೆ ಕಾಯಿ ಹಾಕಿ ವರ್ಷ ಕಾಯ್ತೀಯ. ಇದಕ್ಕೆ ನಾಕು ದಿನ ತಡ್ಕಳಕ್ಕಾಗಲ್ವಾ?"

"ಅದೂ ಸರಿ ಅನ್ನು," ಎಂದು ನಕ್ಕ.

ಆ ದಿನಗಳಲ್ಲೇ ಅಟ್ಟದಿಂದ ಕಾಯಿ ಇಳಿಸಿದರು. ಅಪ್ಪ ಜಗಲಿಯಲ್ಲಿ ಕೂತು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಅಂದದ್ದನ್ನು ಬಲಕ್ಕೆ, ನೀರಿನ ಸದ್ದು ಬಂದದ್ದನ್ನು ಎಡಕ್ಕೆ ಹಾಕುತ್ತಿದ್ದ. ಸುಲಿದು ಒಡೆದು ನೋಡಿದರೆ ಒಂದೂ ತಪ್ಪಿರಲಿಲ್ಲ. ಇಷ್ಟು ಚುರುಕಾಗಿರುವವನಿಗೆ ಇನ್ನೂ ಕಾಲವಿದೆ ಎಂದು ಧೈರ್ಯ ತಂದುಕೊಂಡೆ. ಆ ಕೆಲಸಕ್ಕೆ ಕಣ್ಣೇ ಬೇಡ ಎಂಬುದು ನನ್ನಂಥ ಜಾಣೆಗೆ ಹೊಳೆಯಲಿಲ್ಲ.

ಸಂಕ್ರಾಂತಿಯ ಬೆಳಿಗ್ಗೆ ಪಕ್ಕದ ಮನೆಯವರು ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದರು. ಅಚ್ಚ ನೀಲಿ. ನೋಡುತ್ತ ನಿಂತವಳಿಗೆ ಇದ್ದಕ್ಕಿದ್ದಂತೆ ಎದೆ ತುಂಬಿ ಬಂತು. ಯಾವುದೋ ದೇಶದವರು ಬರೆದ ಚಿತ್ರಕ್ಕಾಗಿ ಅಪ್ಪನ ಲಾರಿಯನ್ನು ಅಪ್ಪನಿಗೇ ಇಲ್ಲ ಅಂದಿದ್ದೆನಲ್ಲ! ಒಂದು ಕರಟದಲ್ಲಿ ಬಣ್ಣ ಕೇಳಿ ತಂದೆ. ಅಪ್ಪನಿಗೆ ಗುಟ್ಟು ಬಿಟ್ಟುಕೊಡಲಿಲ್ಲ. ಇನ್ನೂ ಬೂದಾಗಿಯೇ ಇದ್ದ ಲಾರಿಗೆ ಎರಡು ಕೋಟು ಬಳಿದು, ಧೂಳು ಕೂರದಂತೆ ಮೊರ ಮುಚ್ಚಿ ಅಟ್ಟದಲ್ಲಿ ಒಣಗಿಸಿದೆ. ಹಿಂದುಗಡೆಗೆ ಹಳೆಯ ಖಾಕಿ ಚೂರಿನಲ್ಲಿ ಟಾರ್ಪಾಲು ಹೊಲಿದೆ. ಆ ನಾಲ್ಕು ದಿನವೂ ಅಪ್ಪ ಲಾರಿ ನೋಡಿ ಏನೆನ್ನುತ್ತಾನೆ ಎಂದು ನೆನೆದು ಒಬ್ಬಳೇ ನಗುತ್ತಿದ್ದೆ.

ಐದನೆಯ ದಿನ ಅಪ್ಪನನ್ನು ಅಂಗಳದ ಬಿಸಿಲಿಗೆ ಕರೆದು ತಂದು ಕೂರಿಸಿದೆ. ಅಮ್ಮ ಪಕ್ಕದಲ್ಲಿ ರಾಗಿ ಕೇರುತ್ತಿದ್ದಳು. ಲಾರಿಯನ್ನು ಅಪ್ಪನ ಎರಡೂ ಅಂಗೈ ಮೇಲೆ ಇಟ್ಟು, "ನೋಡಪ್ಪ," ಎಂದೆ.

ಅಪ್ಪ ಅದನ್ನು ಮೇಲೆತ್ತಿದ. ಮೂಗಿನ ಹತ್ತಿರ ತಂದು, ಓರೆ ಮಾಡಿ, ಸೂರ್ಯನ ಕಡೆಗೆ ತಿರುಗಿಸಿದ. ರೆಪ್ಪೆಗಳು ಪಟಪಟ ಬಡಿದವು. ಹೆಬ್ಬೆರಳು ಬಾನೆಟ್ಟಿನ ಮೇಲೆ ಹೋಗಿ ಬಂತು. ಅಮ್ಮನ ಮೊರ ನಿಂತಿತು. ಅಪ್ಪನ ಮುಖ ಅರಳಿತು.

"ಎಂಥಾ ಹಸಿರವ್ವ!" ಎಂದ. "ನೀನೇಳಿದ್ದೇ ಸರಿ ಕಣವ್ವ. ನೀಲಿಗಿಂತ ಹಸಿರೇ ಸಂದಾಕೈತೆ."

ಅಮ್ಮ ಬಾಯಿ ತೆರೆದಳು. ನಾನು ಅವಳ ಮೊಣಕೈ ಅದುಮಿದೆ. "ಹೂಂ ಕಣಪ್ಪ, ನಾನೇಳ್ಲಿಲ್ವಾ?" ಎಂದೆ. ಸೊಟ್ಟಗಿದ್ದ ಆ ಬಾಗಿಲನ್ನು ಹಾಗೇ ಬಿಟ್ಟಿದ್ದರೆ ದೀಪಾವಳಿಗೆ ಮುಂಚೆಯೇ ಅಪ್ಪ ನೋಡುತ್ತಿದ್ದ. ಅದು ಆ ಕ್ಷಣವೇ ಗೊತ್ತಾಯಿತು.

ಅಪ್ಪ ಸಂತೋಷದಲ್ಲಿ ಕಂಡವರಿಗೆಲ್ಲ ತನ್ನ ಮಗಳು ಮಾಡಿದ ಲಾರಿಯ ಸುದ್ದಿ ಹೇಳಿದ. ತೋಟದ ಕಡೆಯಿಂದ, ಬೀದಿಯಿಂದ ಜನ ನೋಡಲು ಬರತೊಡಗಿದರು. ಅಪ್ಪ ಅದನ್ನು ಎತ್ತಿ ಹಿಡಿದು ಪ್ರತಿಯೊಬ್ಬರಿಗೂ ಬಣ್ಣ ತೋರಿಸುತ್ತಿದ್ದ. ಹಾಗಾಗಿ ಬಂದವರಿಗೆ ಕಾಲು ತೊಳೆಯಲು ನೀರು ಕೊಡುವಾಗಲೇ, ಹೊಸ್ತಿಲಿನಾಚೆ ನಿಂತು, ನಾನು ಮೆಲ್ಲಗೆ ಹೇಳುತ್ತಿದ್ದೆ: "ಒಳಗೆ ಹೋದ್ಮೇಲೆ ಅದು ಹಸಿರು ಕಣ್ರೀ."