ಹೀರೋ ಹಾರಿದಾಗ ಜಾಗ ಬಿಡುವ ಕುದುರೆ

ಬೆಳಗಿನ ಐದೂವರೆ. ನಮ್ಮ ಕಣಿವೆಯ ಸಿನಿಮಾ ಊರು ಇನ್ನೂ ಎದ್ದಿಲ್ಲ. ಹೆಂಡದಂಗಡಿ, ಬ್ಯಾಂಕು, ಜೈಲು ಎಲ್ಲಕ್ಕೂ ಮುಂಭಾಗವಷ್ಟೇ, ಹಿಂದೆ ಬರೀ ಆನಿಕೆಯ ಕಂಬ. ಅಲ್ಲಿ ಕುದುರೆ ಪಳಗಿಸುವ ಐವತ್ತೆಂಟರ ಹೆಂಗಸು ವರ್ಲೀನ್ ಸ್ಟಬ್ಸ್ ಕಂದು ಕುದುರೆಯ ಎದುರು ನಿಂತು ತಲೆಯ ಹ್ಯಾಟ್ ತೆಗೆಯುತ್ತಾರೆ. ಕುದುರೆ ಗತ್ತಿನಿಂದ ಎರಡು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತದೆ. "ಭಲೇ ಕಳ್ಳ!" ಎಂದು ಕ್ಯಾರೆಟ್ ತಿನ್ನಿಸುತ್ತಾರೆ.

ಇಂದು ಚಿತ್ರೀಕರಿಸುವ ಕೌಬಾಯ್ ಅಣಕು ಚಿತ್ರದ ಜೀವಾಳವೇ ಆ ಎರಡು ಹೆಜ್ಜೆ. ಹೀರೋ ಮಹಡಿಯಿಂದ ಜೀನಿನ ಮೇಲೆ ಹಾರುತ್ತಾನೆ. ಅವನು ಗಾಳಿಯಲ್ಲಿರುವಾಗ ಕುದುರೆ ಜಾಗ ಬಿಡಬೇಕು. ಧ್ವನಿಮುದ್ರಣ ನಡೆಯುವಾಗ ಬಾಯಿ ಬಿಡುವಂತಿಲ್ಲ. ಅದಕ್ಕೇ ಹ್ಯಾಟಿನ ಸನ್ನೆ.

ಮೂವತ್ತೆರಡು ವರ್ಷದಿಂದ ವರ್ಲೀನ್ ಅವರದು ಇದೇ ಕೆಲಸ. ದಿನಕ್ಕೆ ಹನ್ನೊಂದು ಕುದುರೆ, ನಲವತ್ತು ಬಕೆಟ್ ನೀರು. ಎರಡು ಸಲ ಭುಜ ಮುರಿದಿದೆ, ಪರದೆಯ ಮೇಲೆ ಹೆಸರು ಒಮ್ಮೆಯೂ ಬಂದಿಲ್ಲ. "ಇಷ್ಟು ವರ್ಷ ಕುದುರೆಗಳಿಗೆ ಹೀರೋಗೋಸ್ಕರ ನಿಲ್ಲೋದು ಕಲಿಸ್ದೆ. ಜನಕ್ಕೆ ಅದು ಬಾಯಿಪಾಠ ಆಗೋಗಿದೆ ಕಣ್ರೀ. ಅದಕ್ಕೇ ಕುದುರೆ ಹೊರಟೋದ್ರೆ ಬಿದ್ದು ಬಿದ್ದು ನಗ್ತಾರೆ," ಎನ್ನುತ್ತಾರೆ.

ಆದರೆ ಈ ಕುದುರೆಗೆ, ಬಿಸ್ಕೆಟ್‌ಗೆ, ಇಪ್ಪತ್ತೆರಡು ವಯಸ್ಸು. ನಿರ್ದೇಶಕ ಪಿಂಕಮ್ ನಿನ್ನೆಯೇ ಖಡಾಖಂಡಿತ ಹೇಳಿದ್ದಾರೆ: "ಒಂದೇ ಚಾನ್ಸು. ಎಡವಟ್ಟಾದ್ರೆ ಮುದುಕನ್ನ ಹರಾಜಿಗೆ ಕಳಿಸ್ತೀನಿ." ವರ್ಲೀನ್ ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ.

ಹತ್ತು ಗಂಟೆ. ಕ್ಯಾಮೆರಾ ಓಡುತ್ತಿದೆ. ಹೀರೋ ಚೆಟ್ ಮಹಡಿಯ ಕಟಕಟೆ ಏರಿದ್ದಾನೆ. ಕೆಳಗೆ, ಕಥೆಯಲ್ಲಿರುವಂತೆ, ಶವಪೆಟ್ಟಿಗೆಯ ಮೆರವಣಿಗೆ ಬರುತ್ತದೆ. ಹೆಣ ಬಂದರೆ ನಮ್ಮ ಗಂಡಸರು ಸುಮ್ಮನಿರುತ್ತಾರೆಯೇ? ಬೀದಿಯ ಮೂವತ್ತೂ ಕೌಬಾಯ್‌ಗಳು ಸತ್ತವನಿಗೆ ಗೌರವವೆಂದು ಒಟ್ಟಿಗೆ ಹ್ಯಾಟ್ ತೆಗೆಯುತ್ತಾರೆ.

"ಅಯ್ಯೋ, ಕೆಟ್ಟೆ!" ವರದಿ ಬರೆಯಲು ಬಂದು ಪಕ್ಕದಲ್ಲಿ ನಿಂತಿದ್ದ ನನ್ನ ತೋಳು ಹಿಂಡಿ ವರ್ಲೀನ್ ಪಿಸುಗುಡುತ್ತಾರೆ. "ಆರು ವಾರ ನಾವಿಬ್ರೇ ಕಲ್ತಿದ್ದು. ಅಲ್ಲಿದ್ದಿದ್ದು ನನ್ನೊಂದೇ ಹ್ಯಾಟು!"

ಬಿಸ್ಕೆಟ್ ಹೊರಟೇಬಿಟ್ಟಿತು. ಎರಡು ಹೆಜ್ಜೆಯಲ್ಲ, ಕಂಡಕಂಡ ಹ್ಯಾಟಿಗೆಲ್ಲ ಎರಡೆರಡು! ಸತ್ತವನ ಖಾಸಾ ತಮ್ಮನ ಹಾಗೆ ತಲೆ ಬಗ್ಗಿಸಿ ಪೆಟ್ಟಿಗೆಯ ಹಿಂದೆ ನಡೆಯುತ್ತಿದೆ. ಚೆಟ್‌ಗೆ ಇದಾವುದೂ ಗೊತ್ತಿಲ್ಲ. ಕ್ಯಾಮೆರಾಗೆ ಹಲ್ಲು ಕಿರಿದು ಹಾರುತ್ತಾನೆ. ಧೊಪ್! ಅಗೆದು ಮೆತ್ತಗೆ ಮಾಡಿದ್ದ ನೆಲವಾದ್ದರಿಂದ ಬಚಾವ್.

"ನನ್ ಕುದುರೆ ಎಲ್ರೋ?"

"ಮಣ್ಣಿಗೆ ಹೋಗಿದೆ ಕಣಪ್ಪಾ!" ಎಂದ ಪೆಟ್ಟಿಗೆ ಹೊತ್ತವನೊಬ್ಬ.

ಅಬ್ಬಾ, ಆ ನಗು! ಪಿಂಕಮ್ ಕುರ್ಚಿಯಿಂದ ಜಾರಿ ನೆಲಕ್ಕೆ ಕುಸಿದರು. ನನಗಂತೂ ಹೊಟ್ಟೆ ಹುಣ್ಣಾಯಿತು. "ಇದೇ ಇರ್ಲಿ! ಇನ್ನೊಂದ್ಸಲ ತೆಗೆಯೋದೇ ಬೇಡ. ಮುಂದಿನ ಚಿತ್ರಕ್ಕೂ ಈ ಮುದುಕನೇ!" ಎಂದು ಪಿಂಕಮ್ ಬಿದ್ದಲ್ಲಿಂದಲೇ ಕೂಗಿದರು.

ವರ್ಲೀನ್ ಕುದುರೆಯ ಕತ್ತು ತಬ್ಬಿಕೊಂಡು ಅಳುತ್ತಿದ್ದಾರೆ, ನಗುತ್ತಲೂ ಇದ್ದಾರೆ. ಏನು ಬೇಕು ನಿಮಗೆ ಎಂದು ಕೇಳಿದೆ. "ನಂಗೇನ್ರೀ? ಪರದೆ ಮೇಲೆ ಇವನ ಹೆಸರು ಹಾಕ್ಲಿ, ಸಾಕು."

ಅಷ್ಟರಲ್ಲಿ ಇಡೀ ತಂಡ ಬಿಸ್ಕೆಟ್‌ನ ಸುತ್ತ ಸಾಲಾಗಿ ನಿಂತಿತು, ಗೌರವದಿಂದ ಹ್ಯಾಟ್ ತೆಗೆಯಿತು.

ಬಿಸ್ಕೆಟ್ ಮತ್ತೆ ಹೊರಟಿತು.

"ನೋಡಿದ್ರಾ," ಎಂದು ವರ್ಲೀನ್ ಕಣ್ಣೊರೆಸುತ್ತ ಹಿಂದೆ ಓಡಿದರು, "ಸನ್ಮಾನ ಮಾಡೋಕೂ ನಿಲ್ಲಲ್ಲ ನನ್ ಮಗ!"