ಒಂದೇ ಬಾಗಿಲಿನ ಮಿಲ್ಲು

ಮಾತಾಡುವಾಗ ಅವರ ಕೊರಳಿನ ನರಗಳು ಹಗ್ಗದಂತೆ ಉಬ್ಬುತ್ತಿದ್ದವು. ವರ್ಷಗಟ್ಟಲೆ ಅಕ್ಕಿ ಮಿಲ್ಲಿನ ಸದ್ದಿನ ಮೇಲೆ ಕೂಗಿ ಮಾತಾಡಿದವರು. ಮಿಲ್ಲು ನಿಂತ ಮೇಲೂ ಆ ದನಿ ಇಳಿಯಲಿಲ್ಲ. ಮಳವಳ್ಳಿಯಿಂದ ಕಿರುಗಾವಲಿನ ಕಡೆಗೆ ಹೋಗುವ ರಸ್ತೆಯವರಿಗೆಲ್ಲ ಅವರು ಮಿಲ್ಲಮ್ಮ. ನನ್ನ ಅವ್ವ ಅವರ ಕಣದಲ್ಲಿ ಭತ್ತ ಒಣಗಿಸುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಮಿಲ್ಲಮ್ಮ ಒಬ್ಬರೇ ಮಿಲ್ಲನ್ನು ನಡೆಸಿದರು. ಹೊಸ ದೊಡ್ಡ ಮಿಲ್ಲುಗಳು ಬಂದಾಗ ಭತ್ತ ಬರುವುದು ನಿಂತು ಬೀಗ ಬಿತ್ತು. ಆಗ ಮೈದುನನ ಮಗ ಬಂದು, "ಒಡ್ದಾಕಿ ಛತ್ರ ಕಟ್ಟವ ದೊಡ್ಡವ್ವ" ಎಂದ.

"ಮದ್ವೆ ಆಗಕ್ಕೆ ಈ ರೋಡಲ್ಲಿ ಬೇಕಾದಷ್ಟು ಛತ್ರ ಅವೆ ಕಣ್ಲಾ. ನಾಟ್ಕ ಆಡಕ್ಕೆ ಒಂದ್ ಸೂರೈತಾ?" ಎಂದರಂತೆ.

ನಾನು ಆಗಷ್ಟೇ ನಾಟಕದ ತರಬೇತಿ ಮುಗಿಸಿ ಊರಿಗೆ ಬಂದಿದ್ದೆ. ನಮ್ಮ ಕೇರಿಯ ಹುಡುಗಿಯರನ್ನು ಕಟ್ಟಿಕೊಂಡು ಶಾಲೆಯ ಬಯಲಲ್ಲಿ ತಾಲೀಮು ಮಾಡುವುದು, ಮಳೆ ಬಂದರೆ ಓಡುವುದು. ಅದನ್ನು ಬಸ್ಸಿನ ಕಿಟಕಿಯಿಂದ ಕಂಡ ಮಿಲ್ಲಮ್ಮ ಮರುದಿನ ಹೇಳಿಕಳಿಸಿದರು. ಹೋದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಳುಗಳ ಜೊತೆ ತಾವೂ ತವುಡಿನ ಧೂಳು ಗುಡಿಸುತ್ತಿದ್ದರು. ಯಂತ್ರ ಕಿತ್ತ ಜಾಗವೇ ರಂಗಸ್ಥಳವೆಂದು ತೋರಿಸಿದರು. ತಗಡಿನ ಸೂರಿನಡಿ ಮಾತು ಗುಂಯ್‌ಗುಡುತ್ತಿತ್ತು. ಆ ಸದ್ದು ಹೀರಲೆಂದು ಹಳೆಯ ಗೋಣಿಚೀಲ ಹೊಲಿಸಿ ಗೋಡೆಗೆಲ್ಲ ತೂಗುಹಾಕಿಸಿದರು. ನಾನು ಏನು ಕಷ್ಟ ಹೇಳಿದರೂ ಅವರದು ಒಂದೇ ಮಾತು: "ಆಗ್ದೆ ಏನು? ಮಾಡವ."

ಮೊದಲ ದಿನ ನನ್ನ ಅವ್ವನೂ ಕಣದ ಹೆಂಗಸರೂ ಸೋಬಾನೆ ಹಾಡಲೇಬೇಕೆಂಬುದು ಅವರ ಹಟ. ಅವ್ವ ಒಪ್ಪಲಿಲ್ಲ. ಮಿಲ್ಲಿಗೆ ಮುಂದೊಂದು, ಹಿಂದೊಂದು ಬಾಗಿಲು. ನಮ್ಮ ಕೇರಿಯವರು ಎಂದೂ ಮುಂಬಾಗಿಲು ದಾಟಿದವರಲ್ಲ. ಹಿಂಬಾಗಿಲಲ್ಲಿ ಭತ್ತ ಇಳಿಸಿ, ಅಲ್ಲೇ ಕೂಲಿ ಈಸಿಕೊಂಡು ಬರಬೇಕಿತ್ತು.

ಒಂದು ಬೆಳಗ್ಗೆ ಮಿಲ್ಲಮ್ಮ ನಮ್ಮ ಮನೆಗೇ ಬಂದು, ಬುದ್ಧನ ಪಟದ ಕೆಳಗೆ ಹಾಸಿದ್ದ ಚಾಪೆಯ ಮೇಲೆ ಕೂತರು. ಅವ್ವ ನೀರು ಕೊಟ್ಟು, ನಿಂತೇ ಕೇಳಿದಳು: "ಪದ ಯೇಳಕ್ಕೆ ಬಂದ್ರೆ ನಾವು ಯಾವ್ ಬಾಗ್ಲಲ್ಲಿ ಬರ್ಬೇಕು ಅವ್ವಾರೆ?"

ಮಿಲ್ಲಮ್ಮ ನೀರು ಕುಡಿದು ಚೊಂಬು ಕೆಳಗಿಟ್ಟರು. ಅವರ ದನಿ ತಗ್ಗಿದ್ದನ್ನು ನಾನು ಕೇಳಿದ್ದು ಅಂದು ಮಾತ್ರ. "ಇರೋದೇ ಒಂದ್ ಬಾಗ್ಲು ಕಣಮ್ಮಿ. ಹಿಂದ್ಗಡೇದ್ನ ನೆನ್ನೆ ಇಟ್ಗೆ ಕಟ್ಟಿ ಮುಚ್ಚುಸ್ಬುಟ್ಟೆ. ಇಷ್ಟ್ ದಿವ್ಸ ಅದ್ನ ಮಡಿಕಂಡಿದ್ದೋಳೂ ನಾನೇಯ."

ಅವ್ವ ಅಂದೇ ಹೋಗಿ ನೋಡಿದಳು. ಗಾರೆ ಇನ್ನೂ ಹಸಿಯಾಗಿತ್ತು. ಅಂಗೈಯಿಂದ ಒತ್ತಿ ನೋಡಿ, ಕೇರಿಗೆ ಬಂದು ಹೆಂಗಸರನ್ನು ಕರೆಯಲು ಹೋದಳು.

ಆರಂಭದ ಸಂಜೆ ಮಿಲ್ಲಮ್ಮನ ನೆಂಟರು ಯಾರೂ ಒಳಗೆ ಬರಲಿಲ್ಲ. ಮುಂದಿನ ಸಾಲಿನ ಕುರ್ಚಿಗಳೆಲ್ಲ ಖಾಲಿ. ಮೈದುನನ ಮಗ ಹೊರಗೆ ಬೈಕಿನ ಮೇಲೆ ಕೂತೇ, "ಮರ್ವಾದೆ ಕಳುದ್ಬುಟ್ಟೆ ದೊಡ್ಡವ್ವ" ಎಂದ.

"ಬರೋರ್ ಬರ್ಲಿ, ಬುಡೋರ್ ಬುಡ್ಲಿ. ನೀನ್ ಸುರು ಮಾಡವ್ವ" ಎಂದು ನನಗೆ ಹೇಳಿದವರೇ, ಹಿಂದೆ ನಿಂತಿದ್ದ ನಮ್ಮ ಕೇರಿಯವರನ್ನು ಕೈಹಿಡಿದು ಕರೆತಂದು ಆ ಕುರ್ಚಿಗಳಲ್ಲಿ ಕೂರಿಸಿದರು. ಅವ್ವ ಮುಂಬಾಗಿಲಿನಿಂದ ಬಂದು, ರಂಗವೇರಿ ಪದ ಎತ್ತಿದಳು.

ಉಳಿದ ಜನ ಬರಲು ಕಾಲ ಹಿಡಿಯಿತು. ಪ್ರತಿ ನಾಟಕಕ್ಕೂ ಮೊದಲು ಮಿಲ್ಲಮ್ಮ ಹಲಗೂರಿನವರೆಗೆ ಬಸ್ಸಿನಲ್ಲಿ ಹೋಗಿ, ಅಂಗಡಿ ಅಂಗಡಿಗೆ ನುಗ್ಗಿ ಕರೆದು ಬರುತ್ತಿದ್ದರು. ಈಗ ಮದ್ದೂರಿನಿಂದಲೂ ತಂಡಗಳು ಬರುತ್ತವೆ; ಹಗಲು ಮಕ್ಕಳು ತಮಟೆ ಕಲಿಯುತ್ತಾರೆ. ನಟನೆಯನ್ನು ನಾನು ಬೇರೆಡೆ ಕಲಿತೆ. ಕಲಿತದ್ದನ್ನು ಹುಟ್ಟಿದೂರಲ್ಲೇ ಆಡುವಂತೆ ಮಾಡಿದವರು ಅವರು.

ಕಳೆದ ವರ್ಷ ಹಾಸಿಗೆ ಹಿಡಿದಾಗ, "ನಾನ್ ಹೋದೆ ಅಂತ ನಾಟ್ಕ ನಿಲ್ಲುಸ್ಬ್ಯಾಡಿ" ಎಂದಿದ್ದರು. ಪ್ರದರ್ಶನವಿದ್ದ ದಿನವೇ ಬೆಳಗ್ಗೆ ಹೋದರು. ಮಧ್ಯಾಹ್ನ ಮಣ್ಣು ಮಾಡಿ ಬಂದು, ಸಂಜೆ ನಾವು ಬಣ್ಣ ಹಚ್ಚಿದೆವು. ಮೊದಲು ಅವ್ವನ ಪದ. ಒಂದು ಸಾಲು ಮುಗಿಯುವಷ್ಟರಲ್ಲಿ ನಿಲ್ಲಿಸಿಬಿಟ್ಟಳು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಅದೇ ಸಾಲನ್ನು ಮತ್ತೆ ಮೊದಲಿನಿಂದ ಎತ್ತಿದಳು.